ಮಹಾರಾಣಿಯೂ ಹನ್ನೆರಡು ಮೀಟರ್ ಮಖಮಲ್ಲೂ

ನಮ್ಮ ಯಜಮಾನರಿಗೆ ಯಾವ ದುಶ್ಚಟವೂ ಇಲ್ಲ. ಇರುವುದು ಬರೀ ಅಭಿರುಚಿಗಳು. ದುಶ್ಚಟವಾಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಅಳಬಹುದಿತ್ತು. ಅಭಿರುಚಿ ಇರುವ ಗಂಡನ ಮೇಲೆ ದೂರು ಹೇಳಿದರೆ “ನೀನೇ ಪುಣ್ಯವಂತೆ ಬಿಡು” ಎನ್ನುತ್ತಾರೆ. (ಹಾಗೆನ್ನುವವರ ಮನೆಗೆ ಅವರನ್ನು ಒಂದು ತಿಂಗಳ ಮಟ್ಟಿಗೆ ಕಳಿಸಿಕೊಡಲು ನಾನು ಸಿದ್ಧ.)

ಅವರು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಾರೆ. ದಿನವಿಡೀ ಊರವರ ಕಣ್ಣಿಗೆಲ್ಲ ಕಾಣುವಂತೆ ಮಾಡಿ, ಮನೆಗೆ ಬಂದಮೇಲೆ ತಮ್ಮ ಕಣ್ಣಿಗೆ ನಾನೊಬ್ಬಳು ಕಾಣದಂತೆ ನೋಡಿಕೊಳ್ಳುತ್ತಾರೆ. ಮೊದಲು ಬಂದದ್ದು ಕ್ಯಾಮೆರಾ. ಆರು ತಿಂಗಳು ನಮ್ಮ ಮನೆಯಲ್ಲಿ ಯಾರೂ ಬಿಸಿ ಊಟ ಮಾಡಲಿಲ್ಲ. ಬಡಿಸಿದ ತಟ್ಟೆಯನ್ನು ಕಿಟಕಿ ಬೆಳಕಿಗಿಟ್ಟು, ಪಕ್ಕದಿಂದ, ಮೇಲಿಂದ, ಕೊನೆಗೆ ಸ್ಟೂಲು ಹತ್ತಿ ಫೋಟೋ ತೆಗೆದಮೇಲೇ ಕೈಹಾಕಲು ಅಪ್ಪಣೆ. ಆಮೇಲೆ ವೈನು. ದ್ರಾಕ್ಷಿ ಹಿಂಡಿ ಬಾಟಲಿಗೆ ತುಂಬಿ ಮಂಚದ ಕೆಳಗೆ ಮಲಗಿಸಿದರು. ಮಂಚದ ಮೇಲೆ ಮಲಗುವವರು ನಮ್ಮ ಅತ್ತೆ. ಒಂದು ಮಧ್ಯಾಹ್ನ ಬಿರಡೆ ಹಾರಿತು, ಅತ್ತೆಯೂ ಹಾರಿದರು. ಯಾರು ಹೆಚ್ಚು ಎತ್ತರ ಹಾರಿದರೆಂಬ ಬಗ್ಗೆ ಇಂದಿಗೂ ಚರ್ಚೆಯಿದೆ. ಅದಾದಮೇಲೆ, ತಿಂಡಿಯ ಫೋಟೋ ತೋರಿಸಿದರೆ ಅದರ ಹೆಸರು ಹೇಳುವ ಆ್ಯಪು. ಅದು ಅತ್ತೆಯ ತುರುಬನ್ನು ಹಿಂದಿನಿಂದ ನೋಡಿ “ಬನ್ನು, ಬೆಣ್ಣೆಯಿಲ್ಲದ್ದು” ಎಂದಿತು. ಅಂದೇ ಆ್ಯಪು ಮನೆ ಬಿಟ್ಟಿತು. ನಡುವೆ ಪುಸ್ತಕಗಳೂ ಬಂದವು. ಒಂದು ಕಪಾಟು ತುಂಬ ಇವೆ, ಹದಿನೇಳನೇ ಪುಟ ದಾಟಿದ್ದು ಒಂದೂ ಇಲ್ಲ. ಕೇಳಿದರೆ, “ಓದಿಬಿಟ್ರೆ ಮುಗಿದುಹೋಗುತ್ತೆ ಕಣೇ” ಎನ್ನುತ್ತಾರೆ.

ಹೀಗಿರುತ್ತ ನಾಟಕ ಬಂತು. ಗ್ರಂಥಾಲಯದ ಮಹಡಿಯ ಹಾಲಿನಲ್ಲಿ ಹವ್ಯಾಸಿಗಳ ತಂಡವೊಂದು ರಾಜರ ಕಾಲದ ನಾಟಕ ಆಡುತ್ತದಂತೆ.

“ನಂದು ಮಂತ್ರಿ ಪಾರ್ಟು ಕಣೇ! ಇಡೀ ರಾಜ್ಯದ ಭಾರ ನನ್ನ ಹೆಗಲ ಮೇಲೆ.”

“ಮೊದ್ಲು ಆ ಸಿಲಿಂಡರಿನ ಭಾರ ಹೊತ್ಕೊಂಡು ಒಳಗಿಡಿ.”

ಮಾರನೇ ದಿನದಿಂದ ಮನೆಯಲ್ಲಿ ಆಸ್ಥಾನದ ಭಾಷೆ ಶುರುವಾಯಿತು. “ಎಲೈ ಸತೀಮಣಿಯೇ! ಎನ್ನ ಕಾಲುಚೀಲಗಳಲ್ಲೊಂದು ಅಂತರ್ಧಾನವಾಗಿದೆಯಲ್ಲಾ!”

“ಒಗೆಯೋ ಬಕೆಟ್ಟಿನಲ್ಲಿ ನೋಡಿ, ಮಂತ್ರಿಗಳೇ.”

“ನಮ್ ಹುಡುಗನ ಕಂಠ ಎಷ್ಟ್ ಚೆನ್ನಾಗಿದೆ ನೋಡಮ್ಮ” ಎಂದರು ಅತ್ತೆ. ಹುಡುಗನಿಗೆ ಮುಂದಿನ ವರ್ಷ ಐವತ್ತು.

ಇದನ್ನೂ ಸಹಿಸಿಕೊಂಡಿರುತ್ತಿದ್ದೆ. ಆದರೆ ನನಗೂ ಒಂದು ಕೆಲಸವಿದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಮನೆ, ಆಫೀಸುಗಳಿಗೆ ಕಿಟಕಿಯ ಪರದೆ ಹೊಲಿದುಕೊಡುತ್ತೇನೆ. ಆ ವಾರ ಹಲ್ಲಿನ ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿಗೆಂದು ಹನ್ನೆರಡು ಮೀಟರ್ ಕಡುಗೆಂಪು ಮಖಮಲ್ಲು ಕೊಟ್ಟಿದ್ದರು. ಮುಟ್ಟಿದರೆ ಬೆಕ್ಕಿನ ಮರಿಯಂಥ ಬಟ್ಟೆ. ಶನಿವಾರ ಕೊಡುವೆನೆಂದು ಮಾತು ಕೊಟ್ಟಿದ್ದೆ. ಶುಕ್ರವಾರ ಸಂಜೆ ಕತ್ತರಿ ಹಿಡಿದು ಕಪಾಟು ತೆರೆದರೆ, ಮಖಮಲ್ಲು ಸುತ್ತಿಟ್ಟಿದ್ದ ಕಾಗದದೊಳಗೆ ಅತ್ತೆಯ ಹಳೇ ಕಂಬಳಿ ಬೆಚ್ಚಗೆ ಮಲಗಿದೆ!

“ಅತ್ತೇ, ಇದರಲ್ಲಿದ್ದ ಬಟ್ಟೆ ಎಲ್ಲಿ?”

“ಅವ್ನು ತಗೊಂಡ್ಹೋದ ಕಣಮ್ಮ. ರಾಜ್ಯಕ್ಕೆ ಬೇಕಾಗಿತ್ತಂತೆ.”

ನನ್ನ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಕತ್ತರಿ, ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಅಳತೆ ಟೇಪಿನ ಸಮೇತ ಹೊರಟೆ. ಗ್ರಂಥಾಲಯದ ಮೆಟ್ಟಿಲು ಎಷ್ಟಿವೆಯೋ, ಹತ್ತಿದ್ದು ಮಾತ್ರ ನಾಲ್ಕನ್ನೇ ಎಂಬಂತೆ ಮೇಲೆ ಬಂದೆ. ನೋಡಿದರೆ, ಹಾಲಿನ ನಡುವೆ ನಮ್ಮ ಬೀದಿಯ ಬೇಕರಿಯವರು ರಾಜನಾಗಿ ನಿಂತಿದ್ದಾರೆ. ಹೆಗಲಿನಿಂದ ಹೊರಟ ಮಖಮಲ್ಲು ನೆಲದ ಧೂಳನ್ನೆಲ್ಲ ಗುಡಿಸುತ್ತ ಬಾಗಿಲವರೆಗೂ ಬಂದಿದೆ. ಬಾಗಿಲ ಬಳಿ ಪರದೆ ನೇತುಹಾಕುವ ನನ್ನದೇ ಕಂಬಿಯನ್ನು ಈಟಿಯಂತೆ ಹಿಡಿದು ನಮ್ಮ ಯಜಮಾನರು ನಿಂತಿದ್ದಾರೆ.

ನಿರ್ದೇಶಕರು ಕೇಳಿದರು, “ಯಾರಮ್ಮ? ದ್ವಾರಪಾಲಕರ ಮನೆಯವರಾ?” ಈ ನಿರ್ದೇಶಕರು ನಿವೃತ್ತ ಡ್ರಿಲ್ ಮೇಷ್ಟ್ರು. ಈಗಲೂ ಸೀಟಿ ಕುತ್ತಿಗೆಯಲ್ಲೇ ಇರುತ್ತದೆ.

“ದ್ವಾರಪಾಲಕ? ಮಂತ್ರಿ ಅಂದಿದ್ರಲ್ರೀ?”

ಯಜಮಾನರು ಈಟಿಯ ತುದಿಯನ್ನೇ ದಿಟ್ಟಿಸಿದರು. “ಮಂತ್ರಿಗಳ ಮನೆ ಬಾಗಿಲು ಕಾಯೋದು ಕಣೇ. ಹೆಚ್ಚುಕಡಿಮೆ ಒಂದೇ.”

ಆಮೇಲೆ ನಾನು ಏನೇನು ಅಂದೆನೋ ನನಗೇ ನೆನಪಿಲ್ಲ. ಬಟ್ಟೆ ಕದ್ದವರಿಗೆ, ಕದ್ದದ್ದನ್ನು ಹೊದ್ದವರಿಗೆ, ಹೊದೆಸಿದವರಿಗೆ, ಮೂವರಿಗೂ ಸಮಪಾಲು ಹಂಚಿದೆ. ಬೇಕರಿಯವರು ಮಖಮಲ್ಲಿನ ಒಳಗೇ ಮುದುಡಿದರು. ಅಷ್ಟರಲ್ಲಿ ಸೀಟಿ ಮೊಳಗಿತು.

“ನಿಲ್ಲಿ! ಎಲ್ಲರೂ ಹಾಗೇ ನಿಲ್ಲಿ!” ಎಂದರು ನಿರ್ದೇಶಕರು. ಅವರ ಕಣ್ಣು ಒದ್ದೆಯಾಗಿತ್ತು. “ನಮ್ಮ ಮಹಾರಾಣಿಗೆ ವರ್ಗವಾಗಿ ಹದಿನೈದು ದಿನ ಆಯ್ತು. ರಾಜನನ್ನ ಬೈದು ಯುದ್ಧಕ್ಕೆ ಕಳಿಸೋ ರಾಣಿ ಎಲ್ಲೂ ಸಿಕ್ಕಿರಲಿಲ್ಲ. ಇವತ್ತು ರಾಜನ ಕಾಲು ನಿಜವಾಗಿ ನಡುಗಿತು. ಅಮ್ಮಾ, ನೀವೇ ರಾಣಿ!”

“ನಾನು ಬಟ್ಟೆ ತಗೊಂಡು ಹೋಗೋಕೆ ಬಂದಿದ್ದು ಸಾರ್.”

“ಏನು ಕಂಠ! ಏನು ನಿಲುವು!”

“ನಾಳೆ ಡಾಕ್ಟರಮ್ಮಂಗೆ ಕೊಡ್ಬೇಕು…”

“ಕಿರೀಟ ತರಿಸ್ಲಾ?”

ಓದುಗರೇ, ನಿಮ್ಮಲ್ಲಿ ಯಾರಿಗಾದರೂ ಕಿರೀಟ ತರಿಸಲಾ ಎಂದು ಯಾರಾದರೂ ಕೇಳಿದ್ದಾರೆಯೇ? ಇಲ್ಲವಾದರೆ ನನ್ನನ್ನು ಬೈಯಬೇಡಿ. ಬಟ್ಟೆ ಕಿತ್ತುಕೊಳ್ಳಲು ಹೋದವಳು ಅಲ್ಲೇ ಕೂತು ರಾಜನ ಹೆಗಲಿಗೆ ನೆರಿಗೆ ಹಿಡಿದೆ. ಉದ್ದ ಹೆಚ್ಚಾಗಿದ್ದರಿಂದ ಕತ್ತರಿಸಿ ನನಗೊಂದು ರವಿಕೆಯನ್ನೂ ತೆಗೆದೆ. (ಕತ್ತರಿಯೂ ನನ್ನದೇ, ಕೈಯೂ ನನ್ನದೇ.) ಡಾಕ್ಟರಮ್ಮನಿಗೆ ಫೋನು ಮಾಡಿ “ಮೆಷಿನ್ನು ಕೆಟ್ಟಿದೆ” ಎಂದೆ.

ಅಲ್ಲಿಂದ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ಅಡುಗೆಮನೆ ಅತ್ತೆಯ ಪಾಲಾಯಿತು. ಯಜಮಾನರು ಅಂಗಡಿಯಿಂದ ಬಂದ ಕೂಡಲೇ ನಾಟಕದ ಪುಸ್ತಕ ಹಿಡಿದು ನನ್ನ ಮಾತು ಒಪ್ಪಿಸಿಕೊಳ್ಳಬೇಕು.

“ಲೇ, ನಂಗೂ ಒಂದು ಮಾತಿದೆ. ‘ಮಹಾರಾಣಿಯವರೇ, ದೂತ ಬಂದಿದ್ದಾನೆ, ಒಳಗೆ ಬಿಡಲೇ?’ ಅಂತ. ಒಂದ್ಸಲ ಕೇಳು.”

“ಒಂದು ಮಾತಿಗೆ ಯಾರಾದ್ರೂ ಅಭ್ಯಾಸ ಮಾಡ್ತಾರೇನ್ರೀ? ನಂದು ಮುಂದಿನ ಪುಟ ತೆಗೀರಿ.”

ಪಾಪ, ತೆಗೆದರು.

ಪ್ರದರ್ಶನದ ದಿನ ಹಾಲು ತುಂಬಿತ್ತು. ಎರಡನೇ ದೃಶ್ಯದಲ್ಲಿ ನಾನು ರಾಜನ ಮೇಲಂಗಿ ಹಿಡಿದು ದೀಪದ ಕೆಳಗೆ ಎಳೆದುತಂದು, “ಎಲೈ ಹೇಡಿಯೇ!” ಎಂದು ಗುಡುಗಿದೆ. ಅಷ್ಟರಲ್ಲಿ ಮೊದಲ ಸಾಲಿನಲ್ಲಿ ಒಬ್ಬರು ಎದ್ದುನಿಂತರು. ಹಲ್ಲಿನ ಡಾಕ್ಟರಮ್ಮ! ರಾಜರ ದವಡೆ ಹಲ್ಲು ಕಿತ್ತದ್ದು ಇವರೇ ಎಂದೂ, ಕೃತಜ್ಞತೆಯಿಂದ ರಾಜರೇ ಪಾಸು ಕೊಟ್ಟಿದ್ದರೆಂದೂ ಆಮೇಲೆ ಗೊತ್ತಾಯಿತು.

“ರೀ! ಅದು ನನ್ನ ಪರದೆ!”

ಮೂರು ವಾರ ಕಲಿತ ಮಾತೆಲ್ಲ ಒಂದೇ ಏಟಿಗೆ ಹಾರಿಹೋಗಿ, ಹೊರಬಂದದ್ದು ಇಷ್ಟೇ: “ನಾಳೆ ಸಂಜೆಯೊಳಗೆ ತಲುಪಿಸ್ತೀನಿ ಡಾಕ್ಟರಮ್ಮ, ಮೆಷಿನ್ನು ರಿಪೇರಿಗೆ…”

ರಾಜರು ಮೇಲಂಗಿ ಬಿಚ್ಚಿ ಕೊಟ್ಟುಬಿಡಲೋ ಎಂದು ಗುಂಡಿ ಹುಡುಕುತ್ತಿದ್ದರು. ನಿರ್ದೇಶಕರ ಸೀಟಿ ಬಾಯೊಳಗೇ ಉಳಿಯಿತು. ಆಗ ಬಾಗಿಲ ಬಳಿಯಿಂದ ಟಣ್ ಟಣ್ ಎಂದು ಈಟಿ ಕುಟ್ಟುತ್ತ ನಮ್ಮ ಯಜಮಾನರು ರಂಗದ ನಡುವೆ ಬಂದು ಬಗ್ಗಿ ನಮಸ್ಕರಿಸಿದರು.

“ಮಹಾರಾಣಿಯವರೇ! ನೆರೆರಾಜ್ಯದ ದಂತವೈದ್ಯೆ ದಂಡೆತ್ತಿ ಬಂದಿದ್ದಾರೆ! ಒಳಗೆ ಬಿಡಲೇ, ಅಥವಾ ಎಲ್ಲರೂ ಬಾಯಿ ಮುಚ್ಚಿಕೊಂಡಿರೋಣವೇ?”

ಸೂರು ಹಾರಿಹೋಗುವಂತೆ ಹಾಲು ನಕ್ಕಿತು. ತಮಗೂ ಚಪ್ಪಾಳೆ ಬೀಳುತ್ತಿದೆಯೆಂದು ಡಾಕ್ಟರಮ್ಮನಿಗೆ ತಿಳಿದಾಗ ಅವರ ಮುಖ ನಿಧಾನವಾಗಿ ಅರಳಿತು. ಹಿಂದೆ ತಿರುಗಿ ಕೈಬೀಸಿ ಕೂತರು. ನನಗೆ ಮಾತ್ರ ರೋಷ ಉಕ್ಕಿತು. ಮೂರು ವಾರ ಕಲಿತವಳು ನಾನು, ಚಪ್ಪಾಳೆ ಬಾಗಿಲು ಕಾಯುವವರಿಗೆ! ರಾಜನನ್ನು ಬಿಟ್ಟು ದ್ವಾರಪಾಲಕನ ಕಡೆಗೆ ತಿರುಗಿ, ಮದುವೆಯಾದಂದಿನಿಂದ ಹೇಳಬೇಕೆಂದುಕೊಂಡದ್ದನ್ನೆಲ್ಲ ಅಚ್ಚ ಮನೆಮಾತಿನಲ್ಲಿ ಹೇಳಿಬಿಟ್ಟೆ. ನಿರ್ದೇಶಕರು ಪರದೆ ಇಳಿಸಿದಮೇಲೂ ಒಳಗೆ ನನ್ನ ಬೈಗುಳ ಮುಂದುವರಿದಿತ್ತು.

ನಾಟಕ ಮುಗಿದಮೇಲೆ ಡಾಕ್ಟರಮ್ಮ ಒಳಗೆ ಬಂದರು. ಕಾಲು ಹಿಡಿಯುವುದೇ ಸರಿ ಎಂದು ಬಗ್ಗಿದೆ. ಅವರು ಎಬ್ಬಿಸಿ, “ನಿಮ್ಮಷ್ಟು ಅಗಲ ಬಾಯಿ ತೆರೆಯೋರು ಬಂದ್ರೆ ನನ್ನ ಕೆಲಸ ಎಷ್ಟು ಸುಲಭ!” ಎಂದರು. ನಂತರ ದನಿ ತಗ್ಗಿಸಿ, “ಬಿಚ್ಚಿ ಪರದೆ ಹೊಲೀರಿ, ಒಂದು ಕಿಟಕಿಗೆ ಸಾಲದಿದ್ರೂ ಪರವಾಗಿಲ್ಲ. ಅಂದಹಾಗೆ, ನನ್ನ ಮಾತು ಕೊನೇ ಸಾಲಿನವರ್ಗೂ ಕೇಳಿಸ್ತಾ?” ಎಂದರು.

ಅಷ್ಟು ಹೊತ್ತಿಗೆ ಮುಖ್ಯ ಅತಿಥಿಗಳಾದ ನಿವೃತ್ತ ನ್ಯಾಯಾಧೀಶರು ನನ್ನೆದುರು ಬಂದು ನಿಂತರು. “ಏನಮ್ಮ ಇದು, ಇಂಥ ಸಹಜ ಅಭಿನಯ! ಎಲ್ಲಿ ಕಲಿತಿರಿ?”

ನಾನು ತಲೆ ತಗ್ಗಿಸಿ, “ಏನೋ, ಸ್ವಲ್ಪ ಅಭ್ಯಾಸ…” ಎಂದು ನುಲಿದೆ.

ಅವರು ನಗುತ್ತ ಯಜಮಾನರ ಕಡೆ ತಿರುಗಿದರು. “ಮನೇಲೂ ಹೀಗೇನಾ?”

“ಛೆ ಛೆ, ಇಲ್ಲ ಸಾರ್” ಎಂದರು ನಮ್ಮ ಯಜಮಾನರು, ಈಟಿ ನೆಟ್ಟಗೆ ಹಿಡಿದುಕೊಂಡೇ. “ಮನೇಲಿ ಮಧ್ಯಂತರ ಇರಲ್ಲ.”

ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಅತ್ತೆ. ನಾನು ಸೊಂಟಕ್ಕೆ ಕೈಯಿಟ್ಟು, ಎದೆತುಂಬ ಉಸಿರೆಳೆದುಕೊಂಡೆ. ಅದನ್ನು ಕಂಡದ್ದೇ ತಡ, ನಿರ್ದೇಶಕರು “ಶ್! ಶುರುವಾಯ್ತು!” ಎಂದು ಪಿಸುಗುಟ್ಟಿದರು. ನ್ಯಾಯಾಧೀಶರು, ರಾಜರು, ಡಾಕ್ಟರಮ್ಮ, ಅತ್ತೆ ಎಲ್ಲರೂ ಸದ್ದಿಲ್ಲದೆ ಒಂದೊಂದು ಕುರ್ಚಿ ಎಳೆದುಕೊಂಡು ನನ್ನೆದುರು ಸಾಲಾಗಿ ಕೂತರು.