ಬೀಗರೂಟದಲ್ಲಿ ನನ್ನ ಜಪಾನಿ ಎಂ.ಎ.

ಮನುಷ್ಯ ಯಾಕೆ ಓದುತ್ತಾನೆ ಎಂದು ಕೇಳಿದರೆ ಜ್ಞಾನಕ್ಕಾಗಿ ಎನ್ನುವವರಿದ್ದಾರೆ, ನೌಕರಿಗಾಗಿ ಎನ್ನುವವರಿದ್ದಾರೆ. ಹೊಟ್ಟೆಕಿಚ್ಚಿಗಾಗಿ ಓದಿದೆ ಎಂದು ಒಪ್ಪಿಕೊಂಡವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ. ಆ ಕೊರತೆಯನ್ನು ನಾನೇ ತುಂಬುತ್ತೇನೆ. ನಾನು ಜಪಾನಿ ಭಾಷೆ ಮತ್ತು ಸಂಸ್ಕೃತಿಯಲ್ಲಿ ಎಂ.ಎ.ಗೆ ಸೇರಿದ್ದು ನನ್ನ ಷಡ್ಡಕ ರಂಗಸ್ವಾಮಿಯ ಹೊಟ್ಟೆ ಉರಿಸುವುದಕ್ಕೆ. ರಂಗಸ್ವಾಮಿ ಎಂದರೆ ನನ್ನ ಹೆಂಡತಿ ಸರೋಜಳ ಅಕ್ಕನ ಗಂಡ. ಚನ್ನರಾಯಪಟ್ಟಣದಲ್ಲಿ ಮೇಷ್ಟ್ರು. ಮನೆಯಲ್ಲೇ ಕೂತು ಅಂಚೆಯಲ್ಲಿ ಪಾಠ ತರಿಸಿಕೊಂಡು ಇಂಗ್ಲಿಷ್ ಎಂ.ಎ. ಮಾಡಿಕೊಂಡ. ಅಂದಿನಿಂದ ನೆಂಟರಿಷ್ಟರ ಯಾವ ಲಗ್ನಪತ್ರಿಕೆ ಬಂದರೂ ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಎಂ.ಎ. ಎಂದಿರುತ್ತದೆ, ಅದರ ಕೆಳಗೆ ನನ್ನ ಹೆಸರು ಬರಿಮೈಯಲ್ಲಿ ನಿಂತಿರುತ್ತದೆ. ನಾನು ಗೊರೂರಿನ ನೀರಾವರಿ ಇಲಾಖೆಯಲ್ಲಿ ಗುಮಾಸ್ತ. ನಲವತ್ತಮೂರನೇ ವಯಸ್ಸಿಗೆ ಬರಿಮೈಯಲ್ಲಿ ನಿಂತು ನಿಂತು ಸಾಕಾಗಿತ್ತು. ಇಂಗ್ಲಿಷ್ ತೆಗೆದುಕೊಂಡರೆ ಅವನೇ ತಪ್ಪು ಹಿಡಿಯುತ್ತಾನೆ, ಕನ್ನಡ ತೆಗೆದುಕೊಂಡರೆ ಊರೆಲ್ಲ ಹಿಡಿಯುತ್ತದೆ. ಜಪಾನಿಯಲ್ಲಿ ನನ್ನ ತಪ್ಪು ಹಿಡಿಯುವವರು ಹಾಸನದಿಂದ ಅರಕಲಗೂಡಿನವರೆಗೆ ಹುಡುಕಿದರೂ ಸಿಕ್ಕುವುದಿಲ್ಲ ಎಂದು, ಅವನ ಹಾಗೇ ಅಂಚೆಯ ಪಾಠದಲ್ಲಿ, ಅದನ್ನೇ ಆರಿಸಿಕೊಂಡೆ.

ಓದು ಎಲ್ಲರ ಓದಿನಂತೆಯೇ ನಡೆಯಿತು, ಅಂದರೆ ಮನೆಯವರ ತಲೆಯ ಮೇಲೆ ನಡೆಯಿತು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಜಪಾನಿ ಅಕ್ಷರದ ಚೀಟಿ ಅಂಟಿಸಿದೆ. ಸರೋಜ ಒಂದು ವಾರ ಸುಮ್ಮನಿದ್ದು, ಒಂದು ದಿನ ಕಾಫಿಗೆ ರವೆ ಹಾಕಿಕೊಟ್ಟು, "ಚೀಟಿ ನೋಡ್ಕಂಡೇ ಆಕಿದ್ದು ಕಣ್ರೀ" ಎಂದಳು. ಚೀಟಿಗಳು ಹೋದವು. ಸಂಸ್ಕೃತಿಯ ಪತ್ರಿಕೆಯಲ್ಲಿ ಯಾರಿಗೆ ಎಷ್ಟು ಬಗ್ಗಿ ನಮಸ್ಕರಿಸಬೇಕೆಂಬ ಪಾಠವಿತ್ತು. ಅಭ್ಯಾಸಕ್ಕೆಂದು ಕಚೇರಿಯಲ್ಲಿ ಸಾಹೇಬರಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಐದೆಣಿಸುವವರೆಗೆ ಹಾಗೇ ನಿಂತೆ. ಅವರು ನನ್ನ ಸೊಂಟ ಹಿಡಿದುಕೊಂಡಿದೆ ಎಂದು ತಿಳಿದು ಎರಡು ದಿನ ರಜೆ ಕೊಟ್ಟು ಕಳಿಸಿದರು. ಬರೆಯುವ ಪರೀಕ್ಷೆಗಳನ್ನು ಉರು ಹೊಡೆದು ಹೇಗೋ ದಾಟಿದೆ. ಬಾಯಿ ಮಾತ್ರ ಏಳಲಿಲ್ಲ. ಪುಸ್ತಕದಲ್ಲಿ ಸಲೀಸಾಗಿದ್ದ ವಾಕ್ಯ ಗಂಟಲಿಗೆ ಬಂದು ಅಲ್ಲೇ ಕೂರುತ್ತಿತ್ತು.

ಕೊನೆಗೆ ಉಳಿದದ್ದು ಒಂದು ಪ್ರಾಜೆಕ್ಟು. ಜಪಾನಿನವರೊಬ್ಬರ ಜೊತೆ ಇಪ್ಪತ್ತು ನಿಮಿಷ ಮಾತಾಡಿ, ಅದನ್ನು ರೆಕಾರ್ಡ್ ಮಾಡಿ ಕಳಿಸಬೇಕು. ಎರಡು ವರ್ಷ ಅದೇ ಒಂದಕ್ಕೆ ನಪಾಸಾಗಿ ಕೂತಿದ್ದೆ, ಏಕೆಂದರೆ ಜಪಾನಿನವರನ್ನು ಎಲ್ಲಿಂದ ತರಲಿ. ಈ ಸಲ ಕಳಿಸದಿದ್ದರೆ ಓದಿದ ನಾಲ್ಕು ವರ್ಷವೂ ನೀರಿಗೆ ಹೋದ ಹಾಗೆ ಎಂದು ವಿಶ್ವವಿದ್ಯಾಲಯದಿಂದ ಪತ್ರ ಬಂತು. ಆಗ ದೇವರೇ ಕಳಿಸಿದಂತೆ ಹಾಸನದ ಹತ್ತಿರದ ಒಂದು ಕಾರ್ಖಾನೆಗೆ ಯಂತ್ರ ಕೂರಿಸಲು ತನಾಕಾ ಎಂಬುವರು ಬಂದಿರುವ ಸುದ್ದಿ ಸಿಕ್ಕಿತು. ಅರವತ್ತರ ಹತ್ತಿರದ ಮೃದು ಮನುಷ್ಯ. ಹೋಗಿ, ಬಗ್ಗಿ, ಬರೆದುಕೊಂಡು ಹೋಗಿದ್ದ ಚೀಟಿಯನ್ನು ಕೊಟ್ಟೆ. ಅವರು ಓದಿ, ಬಗ್ಗಿ, ಭಾನುವಾರ ಆಗಬಹುದೆಂದರು. ಸೋಮವಾರ ಅವರಿಗೆ ವಿಮಾನ, ನನಗೆ ಕೊನೆಯ ದಿನಾಂಕ.

ಆ ಭಾನುವಾರವೇ ರಂಗಸ್ವಾಮಿಯ ಮಗಳ ಮದುವೆಯ ಬೀಗರೂಟ, ಅವನ ಊರಾದ ಹಳೇಕೋಟೆಯಲ್ಲಿ. "ನಮ್ಮಕ್ಕನ ಮನೆ ಬೀಗರೂಟಕ್ಕೆ ಬರ್ದೆ ಇದ್ರೆ ನಿಮ್ಮ ಜಪಾನಿಗೇ ಓಗಿ ಇದ್ಬುಡಿ" ಎಂದಳು ಸರೋಜ. ಸರಿ, ತನಾಕಾ ಅವರನ್ನೂ ಕರೆದುಕೊಂಡೇ ಹೋಗುವುದೆಂದಾಯಿತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಷಡ್ಡಕನ ಚಪ್ಪರದಲ್ಲಿ, ಅವನ ಬೀಗರೆದುರು, ಅಪ್ಪಟ ಜಪಾನಿನವರೊಂದಿಗೆ ಇಪ್ಪತ್ತು ನಿಮಿಷ ಜಪಾನಿಯಲ್ಲಿ ಹರಟುವ ಭಾಗ್ಯ ಯಾರಿಗುಂಟು?

ನಮ್ಮ ಕಡೆಯ ಬೀಗರೂಟ ಕಂಡವರಿಗೆ ಗೊತ್ತು. ಒಂದು ಪಂಕ್ತಿ ಉಣ್ಣುತ್ತಿರುವಾಗಲೇ ಮುಂದಿನ ಪಂಕ್ತಿಯವರು ಒಬ್ಬೊಬ್ಬರು ಒಂದೊಂದು ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಕೂತವನು ಎದ್ದ ತಕ್ಷಣ ನಿಂತವನು ಕೂರುತ್ತಾನೆ, ಕುರ್ಚಿ ಆರುವುದೇ ಇಲ್ಲ. ಕೂತವರು ಏಳುವುದೂ ಒಟ್ಟಿಗೆ. ಮೇಲಿನ ತುದಿಯಲ್ಲಿ ದೊಡ್ಡವರೊಬ್ಬರು ಎದ್ದರೆ ಸಾಲು ಪೂರ್ತಿ ಏಳುತ್ತದೆ. ಇದನ್ನೆಲ್ಲ ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಜಪಾನಿನಲ್ಲಿ ಹಿರಿಯರು ನಿಂತಿರುವಾಗ ಕಿರಿಯರು ಕೂತಿರಲು ಮುಜುಗರಪಡುತ್ತಾರೆಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದಿದ್ದೇನೆ. ಎರಡನ್ನೂ ಒಟ್ಟಿಗೆ ಯೋಚಿಸುವ ಬುದ್ಧಿ ಮಾತ್ರ ನನಗಿರಲಿಲ್ಲ. ವಿದೇಶದ ಅತಿಥಿ ಎಂದು ರಂಗಸ್ವಾಮಿ ತನಾಕಾ ಅವರನ್ನು ಬೀಗರ ಕಡೆಯವರ ಸಾಲಿನಲ್ಲಿ, ಮೇಲಿನ ತುದಿಯಲ್ಲೇ ಕೂರಿಸಿದ.

ನಾನು ಪಕ್ಕದಲ್ಲಿ ಕೂತು, ಅಂಗಿಯ ಜೇಬಿನಲ್ಲಿದ್ದ ಫೋನಿನಲ್ಲಿ ರೆಕಾರ್ಡ್ ಒತ್ತಿದೆ. ಎಲೆಗೆ ಬೋಟಿ ಗೊಜ್ಜು ಬಿತ್ತು, ಮುದ್ದೆ ಬಿತ್ತು. ಬೀಗರೂಟದ ಜೀವವಾದ ಬಾಡಿನ, ಅಂದರೆ ಮಾಂಸದ ಸಾರಿನ ಬಕೆಟ್ಟು ಇನ್ನೂ ಕೆಳಗಿನ ತುದಿಗೇ ಬಂದಿರಲಿಲ್ಲ. ಋತುಗಳ ಬಗ್ಗೆ ತಯಾರು ಮಾಡಿಕೊಂಡಿದ್ದ ಮೊದಲ ಪ್ರಶ್ನೆಗೆ ಬಾಯಿ ತೆರೆದೆ. ಅಷ್ಟರಲ್ಲಿ ತನಾಕಾ ಹಿಂದೆ ತಿರುಗಿ ನೋಡಿದರು. ಅವರ ಕುರ್ಚಿ ಹಿಡಿದು ನಿಂತಿದ್ದವರು ಎಂಬತ್ತು ದಾಟಿದ ಪುಟ್ಟಸ್ವಾಮೇಗೌಡರು, ಮದುಮಗನ ತಾತ, ದಾರಿಯಲ್ಲಿ ತಡವಾಗಿ ಆಗ ತಾನೇ ಬಂದವರು. ತನಾಕಾ ಚಂಗನೆ ಎದ್ದು, ಸೊಂಟದವರೆಗೆ ಬಗ್ಗಿ, ಎರಡೂ ಕೈಯಿಂದ ಕುರ್ಚಿ ತೋರಿಸಿದರು.

"ಕುಂತ್ಕಳಿ ಸ್ವಾಮಿ, ಎಲೆ ಮುಂದೆ ಕುಂತೋರ್ನ ಎಬ್ಬಿಸಬಾರ್ದು. ನಾ ಆಮ್ಯಾಕೆ ಉಣ್ತೀನಿ" ಎಂದು ಗೌಡರು ಅವರ ಭುಜ ಹಿಡಿದು ಒತ್ತಿದರು. ತನಾಕಾ ಕೂತ ಹಾಗೆ ಮಾಡಿ ಮತ್ತೆ ಎದ್ದರು. ಗೌಡರು ಮತ್ತೆ ಒತ್ತಿದರು. ನಾನು ನಡುವೆ ನಿಂತು ತನಾಕಾ ಅವರಿಗೆ ಕನ್ನಡದಲ್ಲೂ ಗೌಡರಿಗೆ ಜಪಾನಿಯಲ್ಲೂ ಸಮಾಧಾನ ಹೇಳಿದೆ. ನಾಲ್ಕು ವರ್ಷ ಓದಿದ್ದರಲ್ಲಿ ಆಗ ನೆನಪಿಗೆ ಬಂದದ್ದು ಒಂದೇ ಮಾತು, ಸುಮಿಮಾಸೆನ್, ಅಂದರೆ ಕ್ಷಮಿಸಿ.

ಮೇಲಿನ ತುದಿಯಲ್ಲಿ ನಾವು ಮೂವರು ನಿಂತಿದ್ದನ್ನು ಪಂಕ್ತಿ ನೋಡಿತು. ದೊಡ್ಡವರು ಎದ್ದರೆಂದು ಪಕ್ಕದವರು ಎದ್ದರು, ಅವರನ್ನು ನೋಡಿ ಆಚೆಯವರು ಎದ್ದರು. ಹಿಂದೆ ಕುರ್ಚಿ ಹಿಡಿದು ನಿಂತವರು ಅರೆಗಳಿಗೆ ತಡಮಾಡಲಿಲ್ಲ. ಕಣ್ಣು ಮುಚ್ಚಿ ಬಿಡುವುದರೊಳಗೆ ಬೀಗರ ಕಡೆಯವರೆಲ್ಲ ಬೆರಳಿನಲ್ಲಿ ಮುದ್ದೆ ಮೆತ್ತಿಕೊಂಡು ಕೈತೊಳೆಯುವ ಕಡೆ ನಿಂತಿದ್ದರು. ಬಾಡಿನ ಬಕೆಟ್ಟು ಆಗ ಬಂತು, ಕೂತಿದ್ದ ಊರವರಿಗೆ ಧಾರಾಳವಾಗಿ ಬಿತ್ತು.

ರಂಗಸ್ವಾಮಿ ಓಡಿಬಂದ. "ಏನ್ಲಾ ಮಾಡ್ಬುಟ್ಟೆ? ಬಾಡು ಬೀಳಕ್ ಮುಂಚೆ ಬೀಗರ ಪಂಕ್ತಿ ಎಬ್ಬಿಸ್ಬುಟ್ಯಲ್ಲ, ನಾಳಿಕೆ ನನ್ ಮಗಳು ಆ ಮನೇಲಿ ಎಂಗ್ಲಾ ತಲೆ ಎತ್ತಾಳು?" ಅವನಿಗೆ ಕ್ಷಮಿಸು ಅನ್ನಬೇಕಿತ್ತು. ಸುಮಿಮಾಸೆನ್ ಅಂದೆ. ಬೀಗರಲ್ಲಿ ಒಬ್ಬೊಬ್ಬರ ಬಳಿಗೂ ಹೋಗಿ ಬಗ್ಗಿ ಅದನ್ನೇ ಅಂದೆ, ಬಡಿಸುವವರಿಗೂ ಅಂದೆ. ನಾಲ್ಕು ವರ್ಷ ಬಾಯಿಗೆ ಬಾರದ ಜಪಾನಿ ಅವತ್ತು ಬಾಯಿ ಬಿಟ್ಟು ಹೋಗಲೊಲ್ಲದು. ಅತ್ತ ಪುಟ್ಟಸ್ವಾಮೇಗೌಡರು ಎರಡು ಕುರ್ಚಿ ತರಿಸಿ, ತನಾಕಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಗೀಬೇಡಿ ಸ್ವಾಮಿ, ನುಂಗಿ" ಎಂದು ಮುದ್ದೆಯ ಪಾಠ ಶುರು ಮಾಡಿದ್ದರು. ಅವರಿಬ್ಬರಿಗೆ ಭಾಷೆಯ ತೊಂದರೆ ಇದ್ದಂತೆ ಕಾಣಲಿಲ್ಲ.

ಸೋಮವಾರ ಬೇರೆ ದಾರಿಯಿಲ್ಲದೆ ಜೇಬಿನ ರೆಕಾರ್ಡಿಂಗನ್ನೇ ಕಳಿಸಿದೆ. ಫಲಿತಾಂಶದ ಜೊತೆ ಪರೀಕ್ಷಕರ ಟಿಪ್ಪಣಿ ಬಂತು: ವಿದ್ಯಾರ್ಥಿಯು ಆರಂಭದಿಂದ ಕೊನೆಯವರೆಗೆ ಒಂದೇ ಮಾತನ್ನು ಆಡಿದ್ದಾರೆ, ಆದರೆ ಆಡಿದ ಕಡೆಯಲ್ಲೆಲ್ಲ ಅದು ಸರಿಯಾದ ಮಾತೇ ಆಗಿದೆ, ದನಿಯಲ್ಲಿ ನಿಜವಾದ ಪಶ್ಚಾತ್ತಾಪವಿದೆ, ತೇರ್ಗಡೆ. ಹೀಗೆ ನಾನು ಎಂ.ಎ. ಆದೆ. ಅದನ್ನು ಯಾರಿಗೆ ತೋರಿಸಬೇಕೆಂದು ಇಷ್ಟೆಲ್ಲ ಮಾಡಿದೆನೋ ಅವನು ನನ್ನ ಜೊತೆ ಮಾತು ಬಿಟ್ಟು ಮೂರು ತಿಂಗಳಾಗಿತ್ತು.

"ಅವತ್ತು ಎಲ್ರಿಗೂ ಅದೇನೋ ಅಂತಿದ್ರಲ್ಲ, ಅಂಗಂದ್ರೇನು?" ಎಂದು ಸರೋಜ ಕೇಳಿದಳು. ಹೇಳಿದೆ. "ಮದ್ವೆಯಾಗಿ ಹದಿನೆಂಟು ವರ್ಷುಕ್ಕೆ ನಿಮ್ ಬಾಯಲ್ಲಿ ಆ ಮಾತು ಬತ್ತಲ್ಲ. ಓಗಿ ಭಾವಂಗೆ ಕನ್ನಡದಲ್ಲಿ ಅಂದ್ಬುಟ್ಟು ಬನ್ನಿ" ಎಂದು ಬಸ್ಸು ಹತ್ತಿಸಿದಳು.

ಚನ್ನರಾಯಪಟ್ಟಣದಲ್ಲಿ ರಂಗಸ್ವಾಮಿ ಜಗಲಿಯ ಮೇಲೆ ಪೇಪರು ಓದುತ್ತಿದ್ದ. ಎದುರಿಗೆ ನಿಂತೆ. ಬಸ್ಸಿನುದ್ದಕ್ಕೂ ಕನ್ನಡದಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಗಂಟಲವರೆಗೆ ಬಂತು, ಅಲ್ಲೇ ಕೂತಿತು. ಸೊಂಟದವರೆಗೆ ಬಗ್ಗಿ ಸುಮಿಮಾಸೆನ್ ಅಂದೆ.

ಅವನು ಪೇಪರು ಇಳಿಸಲಿಲ್ಲ. "ಕನ್ನಡದಲ್ಲಿ ಅನ್ನಪ್ಪ, ನನಗೂ ತಿಳೀಲಿ" ಎಂದ.

ಬಗ್ಗಿದವನು ಐದೆಣಿಸಿ ಎದ್ದೆ. ಅತ್ತಿಗೆ ಕಾಫಿ ತಂದುಕೊಟ್ಟರು, ಕುಡಿದು ಗೊರೂರಿಗೆ ವಾಪಸು ಬಂದೆ. ನಾನು ಎಂ.ಎ. ಮಾಡಿರುವುದು ಜಪಾನಿಯಲ್ಲಿ. ಕನ್ನಡ ನನಗೆ ಇನ್ನೂ ಆ ಮಟ್ಟಕ್ಕೆ ಬರುವುದಿಲ್ಲ.