ನನ್ನ ವಾಚು ಕಟ್ಟಿಕೊಂಡಿದ್ದ ಕೈ

ಹೋಲಿಸಿ ನೋಡದೆ ನಾನು ಏನನ್ನೂ ಕೊಳ್ಳುವುದಿಲ್ಲ. ಹಾರೋಹಳ್ಳಿಯ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕೂತು ಕೂದಲು ನರೆಸಿಕೊಂಡವನಿಗೆ ಅಂಟಿದ ಜಾಡ್ಯ ಇದು. ಅಲ್ಲಿ ಒಂದು ಬೋಲ್ಟು ಬೇಕೆಂದರೂ ಮೂರು ಕೊಟೇಶನ್ ತರಿಸಬೇಕು, ಅಕ್ಕಪಕ್ಕ ಇಟ್ಟು ನೋಡಬೇಕು, ಆಮೇಲೆ ಸಹಿ. ಕನಕಪುರದ ನಮ್ಮ ಮನೆಯಲ್ಲೂ ಅದೇ ಕಾನೂನು. ಮಿಕ್ಸಿಗಾಗಿ ನಾನು ರಾಮನಗರ, ಚನ್ನಪಟ್ಟಣ ಸುತ್ತಿ ಬರುವಷ್ಟರಲ್ಲಿ ನನ್ನ ಹೆಂಡತಿ ಸುಶೀಲ ಒರಳುಕಲ್ಲಿನಲ್ಲೇ ರುಬ್ಬಿ ಹಬ್ಬದ ವಡೆ ಮುಗಿಸಿದ್ದಳು. "ನನ್ ನೋಡಕ್ಕೆ ಬರೋ ಮುಂಚೆ ಅದೆಷ್ಟ್ ಹೆಣ್ಣು ನೋಡಿದ್ರೋ" ಎಂದು ಆಗಾಗ ಕೆಣಕುತ್ತಾಳೆ. ಮದುವೆಯಾದಾಗಿನಿಂದ ಈ ಪ್ರಶ್ನೆಗೆ ನಾನು ಉತ್ತರ ಕೊಟ್ಟಿಲ್ಲ.

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಇಡ್ಲಿ ತಿಂದು ದಿವಾನದ ಮೇಲೆ ಅಡ್ಡಾಗಿದ್ದೆ. ನೋಡುತ್ತೇನೆ, ಎದೆಯ ಮೇಲೊಂದು ಕೈ. ಭಾರವಾದ, ತಣ್ಣನೆಯ ಕೈ. ಸುಶೀಲಳದಲ್ಲ, ಅವಳು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು. ಬಲಗೈಯಿಂದ ಎತ್ತಿ ಪಕ್ಕಕ್ಕೆ ಹಾಕಿದೆ. ಹಾಕಿದಲ್ಲೇ ಬಿದ್ದುಕೊಂಡಿತು, ಬೆರಳು ಅರ್ಧ ಮಡಚಿಕೊಂಡು. ಯಾರೋ ನನ್ನ ಪಕ್ಕದಲ್ಲಿ ಮಲಗಿದ್ದಾರೆ, ಆದರೆ ಅವರದು ಕೈ ಬಿಟ್ಟು ಬೇರೇನೂ ಕಾಣುತ್ತಿಲ್ಲ. ಬಗ್ಗಿ ನೋಡಿದರೆ ಆ ಮಣಿಕಟ್ಟಿನಲ್ಲಿ ನನ್ನ ವಾಚು! ಭಯಕ್ಕಿಂತ ಮೊದಲು ನನಗೆ ಸಿಟ್ಟು ಬಂತು. ಯಾವನೋ ನನ್ನ ವಾಚು ಕಟ್ಟಿಕೊಂಡು ಮಲಗಿದ್ದಾನೆಂದು ಸುಶೀಲಳನ್ನು ಕೂಗಿದೆ. ಅವಳು ಬಂದವಳೇ ನನ್ನ ಸೊಟ್ಟಗಾದ ಬಾಯಿ ನೋಡಿ ಬಾಗಿಲು ಹಿಡಿದುಕೊಂಡಳು.

"ನಿಮ್ದೇ ಕಣ್ರೀ ಅದು" ಎಂದಳು, ಮೆಲ್ಲಗೆ. ನಾನು ನಂಬಲಿಲ್ಲ. ನನ್ನ ಕೈ ನನಗೆ ಗೊತ್ತಾಗುವುದಿಲ್ಲವೇ?

ಎದುರು ಮನೆಯವರ ಕಾರಿನಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಆ ಕೈಯೂ ನನ್ನ ತೊಡೆಯ ಮೇಲೆ ಕೂತು ಜೊತೆಗೇ ಬಂತು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಇದು ಸ್ಟ್ರೋಕ್, ಮೆದುಳಿನ ಬಲಗಡೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿದೆ, ತೊಡೆಸಂದಿಯಿಂದ ಸಣ್ಣ ಕೊಳವೆ ತೂರಿಸಿ ತೆಗೆಯಬೇಕು ಎಂದರು. ತೆಗೆಯಲು ಎರಡು ಸಾಧನಗಳಂತೆ. ಒಂದು, ಹೆಪ್ಪಿನೊಳಗೆ ಹೋಗಿ ಅರಳಿ ಅದನ್ನು ಹಿಡಿದೆಳೆಯುವ ತಂತಿ ಬಲೆ. ಇನ್ನೊಂದು, ಹೀರಿ ತೆಗೆಯುವ ಕೊಳವೆ.

ನನಗೆ ಜೀವ ಬಂದಂತಾಯಿತು. ಇದು ನನ್ನ ಕ್ಷೇತ್ರ. ಎಳೆಯುವಾಗ ಹೆಪ್ಪು ಒಡೆದು ಚೂರು ಮುಂದಕ್ಕೆ ಹೋದರೆ? ಹೀರುವಾಗ ಕೊಳವೆಯ ಬಾಯಿ ಕಟ್ಟಿಕೊಂಡರೆ? ತೊದಲುತ್ತಲೇ ಕೇಳಿದೆ. ಎರಡರಲ್ಲೂ ಆ ಅಪಾಯ ಇದೆ, ಎರಡೂ ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತವೆ, ತಡವಾದಷ್ಟೂ ಮೆದುಳು ಸಾಯುತ್ತಾ ಹೋಗುತ್ತದೆ ಎಂದರು. ನಾನು ಬಿಡಬೇಕಲ್ಲ, ಮೂರನೆಯದು ಇಲ್ಲವೇ ಎಂದೆ.

"ಇದೆ ಸಾರ್. ಏನೂ ಮಾಡದೆ ಹೀಗೇ ಬಿಟ್ಬಿಡೋದು."

ಆ ಕೈ ನನ್ನ ಪಕ್ಕದಲ್ಲೇ ತಣ್ಣಗೆ ಮಲಗಿತ್ತು. ಮೂರನೆಯ ಕೊಟೇಶನ್ ಅದೇ ಎಂದು ಆಗ ಹೊಳೆಯಿತು. ನಿಜವಾಗಿ ಹೆದರಿದೆ. ಅಷ್ಟರಲ್ಲಿ ಸುಶೀಲ ಡಾಕ್ಟರಮ್ಮನ ಪೆನ್ನು ಕಿತ್ತುಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಯೇಬಿಟ್ಟಳು.

"ಯಾವ್ದಾದ್ರೂ ಹಾಕಿ ಮೇಡಂ. ಇವ್ರನ್ನ ಕೇಳಬ್ಯಾಡಿ. ನಂಗೆ ಈ ಮನುಷ್ಯ ಉಳೀಬೇಕು, ಅಷ್ಟೆ."

ಮೊದಲು ಹೀರಿದರಂತೆ, ಹೆಪ್ಪು ಜಗ್ಗಲಿಲ್ಲ. ಆಮೇಲೆ ಬಲೆಯನ್ನೂ ಒಳಗೆ ತೂರಿಸಿ ಎರಡನ್ನೂ ಸೇರಿಸಿ ಎಳೆದರಂತೆ. ನನ್ನ ಇಡೀ ಹೋಲಿಕೆ ನೀರಿನಲ್ಲಿ ಹೋಮವಾಯಿತು. ಸ್ವಲ್ಪ ಹೊತ್ತಿಗೆ ನನ್ನ ಎಡಗಡೆ ಯಾರೋ ಬೆರಳು ಅಲ್ಲಾಡಿಸಿದರು. ಅದು ನಾನೇ ಎಂದು ಒಪ್ಪಿಕೊಳ್ಳಲು ಬಹಳ ಹೊತ್ತು ಬೇಕಾಯಿತು.

ಈಗ ಕೈ ಚೆನ್ನಾಗಿದೆ. ಆದರೆ ಪೂರ್ತಿ ನನ್ನದೇ ಎಂದು ಆಣೆ ಮಾಡಲಾರೆ. ವಾಚನ್ನು ಬಲಗೈಗೆ ಕಟ್ಟುತ್ತೇನೆ. ಮೊನ್ನೆ ರಾಮನಗರದ ಬಟ್ಟೆ ಅಂಗಡಿಯಲ್ಲಿ ನಾನಿನ್ನೂ ಮೂರು ಅಂಗಿಗಳನ್ನು ಹೋಲಿಸುತ್ತಿದ್ದೆ, ಎಡಗೈ ಆಗಲೇ ನೀಲಿಯದನ್ನು ಎತ್ತಿ ಕೌಂಟರಿಗೆ ಕೊಟ್ಟಿತ್ತು. ನಾನು ಹೇಳಿರಲಿಲ್ಲ.

ಮನೆಗೆ ಬಂದು ದಿವಾನದ ಮೇಲೆ ಕೂತೆವು. ಸುಶೀಲಳಿಗೆ ಅಂಗಿ ಬಹಳ ಹಿಡಿಸಿತು. ಆ ಖುಷಿಯಲ್ಲಿ ಹಳೆಯ ಪ್ರಶ್ನೆ ತೆಗೆದಳು, ತನಗಿಂತ ಮುಂಚೆ ಎಷ್ಟು ಹೆಣ್ಣು ನೋಡಿದ್ದಿರಿ ಎಂದು. ನಾನು ಎಂದಿನಂತೆ ಬಾಯಿ ಮುಚ್ಚಿಕೊಂಡೇ ಇದ್ದೆ. ಎಡಗೈ ಮಾತ್ರ ನನ್ನ ತೊಡೆಯ ಮೇಲಿಂದ ಮೆಲ್ಲಗೆ ಎದ್ದು, ಅವಳಿಗೆ ಕಾಣುವ ಹಾಗೆ ಎರಡು ಬೆರಳು ತೋರಿಸಿತು.