ಹಿಂದೆ ಕೂತವರ ಬಾಯಿ

ನಮ್ಮ ಸೋದರಮಾವನಿಗೆ ಸರ್ಕಾರದ ಮೇಲೆ ಯಾವ ಸಿಟ್ಟೂ ಇಲ್ಲ. ಆದರೂ ನಮ್ಮೂರು ಪಣಕಹಳ್ಳಿಯಿಂದ ತಾಳವಾಡಿ ಪೇಟೆಗೆ ಅಷ್ಟು ಚೆಂದದ ಟಾರು ರಸ್ತೆ ಇರುವಾಗ, ಅವರ ಬೈಕು ಅದರ ಮೇಲೆ ಚಕ್ರವಿಟ್ಟದ್ದನ್ನು ಕಂಡವರಿಲ್ಲ! ಗಾಡಿ ಜಾಡು, ರಾಗಿ ಹೊಲದ ಬದು, ನೀರಿಲ್ಲದ ಹಳ್ಳ, ಇವೇ ಅವರ ಹೆದ್ದಾರಿ. ಮೊಬೈಲು ಬಂದ ಹೊಸತರಲ್ಲಿ ನಾವು ಸಿಗ್ನಲ್ ಹುಡುಕುತ್ತಾ ಏದುಸಿರು ಬಿಟ್ಟು ಗುಡ್ಡ ಹತ್ತಿದರೆ, ಮೇಲೆ ಮಾವನ ಬೈಕು ಆಗಲೇ ನಿಂತಿರುತ್ತಿತ್ತು.

ಇಂಥ ದಾರಿಯಲ್ಲಿ ಬೈಕು ಓಡಿಸುವುದು ಯಾಕೆ ಕಷ್ಟ? ಕಲ್ಲಿನಿಂದ, ಕೆಸರಿನಿಂದ ಅಂದುಕೊಂಡರೆ ನೀವೂ ನನ್ನ ಹಾಗೇ ದಡ್ಡರು.

"ಕಲ್ಲು ಏನ್ಮಾಡ್ತದ್ಲಾ? ಇಂದೆ ಕುಂತೋರ ಬಾಯಿ ಕಣ್ಲಾ ಕಷ್ಟ" ಎಂಬುದು ಮಾವನ ಸಿದ್ಧಾಂತ. ಹಿಂದಿನವರು ಒಂದು ಸಲ "ಮೆಲ್ಲಗೆ" ಅಂದರೆ ದಾರಿ ಒಂದು ಫರ್ಲಾಂಗು ಬೆಳೆಯುತ್ತದಂತೆ.

ಒಮ್ಮೆ ಹೊಲ ನೋಡಲು ಬಂದ ವಿ.ಎ.ಓ. ಸಾಹೇಬರನ್ನು, ಅಂದರೆ ತಮಿಳುನಾಡು ಸರ್ಕಾರದ ಗ್ರಾಮಲೆಕ್ಕಿಗರನ್ನು, ಹಿಂದೆ ಕೂರಿಸಿಕೊಂಡರು. ಅವರು "ಮೆದುವಾ, ಮೆದುವಾ" ಎಂದು ತಮಿಳಿನಲ್ಲಿ ಅದೇ 'ಮೆಲ್ಲಗೆ'ಯ ಜಪ ಮಾಡಿ ಮಾಡಿ, ಅರ್ಧ ದಾರಿಯಲ್ಲಿ ಇಳಿದು ನಡೆದೇಬಿಟ್ಟರು. ಮಾವನಿಗೆ ಬೇಸರವೇ ಇಲ್ಲ. "ಬಾಯಿ ಇಳೀತು, ಬೈಕು ಅಗೂರಾಯ್ತು" ಅಂದರು.

ನಾನೇನು ಕಮ್ಮಿ? ಒಂದು ಸಲ ಹಿಂದೆ ಕೂತಿದ್ದಾಗ ಪೊದೆಗಳ ನಡುವೆ ಆನೆಯ ಹಸಿ ಲದ್ದಿ ಕಂಡು, "ಮಾವ, ಆನೆ ಬಂದ್ರೆ?" ಅಂದೆ.

"ಆನೆ ಸುಮ್ಕೆ ಓಯ್ತದೆ ಕಣ್ಲಾ. ಅದ್ಕೆ ನಿನ್ನಂಗೆ ಬಾಯಿಲ್ಲ."

ಅವರು ಮೆಚ್ಚಿದ ಹಿಂಬದಿ ಸವಾರರು ಒಬ್ಬರೇ, ನಮ್ಮತ್ತೆ. ತೊಡೆಯ ಮೇಲೆ ಟೊಮೇಟೊ ಬುಟ್ಟಿ ಇಟ್ಟುಕೊಂಡು ಕೂತರೆ ತಾಳವಾಡಿ ಬರುವ ತನಕ ತುಟಿ ಪಿಟಕ್ಕೆನ್ನುವವರಲ್ಲ. "ಕುಂತ್ರೆ ಇವ್ಳಂಗೆ ಕುಂತ್ಕಬೇಕು" ಎಂದು ಮಾವ ಊರಿಗೆಲ್ಲ ಪಾಠ ಹೇಳುತ್ತಿದ್ದರು.

ಒಂದು ದಿನ ಅತ್ತೆ ತಾಳವಾಡಿಯಲ್ಲಿ ಬೈಕಿನಿಂದ ಇಳಿದವರು ನೆಟ್ಟಗೆ ನಿಲ್ಲಲಾಗದೆ ಬುಟ್ಟಿಯ ಸಮೇತ ಕುಸಿದು ಕೂತರು. ನಾನೂ ನನ್ನ ಬೈಕಿನಲ್ಲಿ ಜೊತೆಗೆ ಹೋಗಿದ್ದೆ. ಇಬ್ಬರೂ ಹಿಡಿದುಕೊಂಡು ಡಾಕ್ಟರ ಹತ್ತಿರ ಕರೆದೊಯ್ದೆವು. ಸೊಂಟನೋವು ಎಷ್ಟು ದಿನದಿಂದ ಎಂದು ಅವರು ಕೇಳಿದರು.

"ಎಲ್ಡು ವರ್ಸ ಆಯ್ತು" ಅಂದರು ಅತ್ತೆ.

ಮಾವನ ಮುಖ ಸಣ್ಣದಾಯಿತು. "ಒಂದ್ಮಾತು ಏಳ್ಬಾರ್ದಿತ್ತಾ?"

"ನಾನೂ ಬಾಯಿ ಬುಟ್ಟಿದ್ರೆ, ನಿಮ್ಮಿಂದೆ ಇನ್ಯಾರು ಕುಂತ್ಕತ್ತಿದ್ರು?"

ಡಾಕ್ಟರು ಇಂಜೆಕ್ಷನ್ ಕೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದು ಕಳಿಸಿದರು. ನಾನು ಬಸ್ಸಿಗೆ ಹತ್ತಿಸುತ್ತೇನೆಂದರೆ ಅತ್ತೆ ಕೇಳಲಿಲ್ಲ, ಮಾವನ ಹಿಂದೆಯೇ ಕೂತರು. ಅವತ್ತು ಮಾವನ ಬೈಕು ಮೊದಲ ಸಲ ಟಾರು ರಸ್ತೆ ಹತ್ತಿತು. ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿ ಹೋದರು. ಸಣ್ಣ ಗುಂಡಿ ಬಂದರೂ ಸಾಕು, ಮಾವ ಹಿಂದಕ್ಕೆ ತಿರುಗಿ, "ನೋಯ್ತದಾ ಅಮ್ಮಿ?" ಅನ್ನುತ್ತಿದ್ದರು.

"ಸುಮ್ಕೆ ಓಡ್ಸಿ" ಎಂದು ಅತ್ತೆ ಕೊನೆಗೆ ಗದರಿದರು. ಮಾವ ಸುಮ್ಮನಾಗಲಿಲ್ಲ. ಊರು ಬರುವ ತನಕ ಕೇಳುತ್ತಲೇ ಇದ್ದರು.

ಮನೆ ಮುಂದೆ ಬೈಕು ನಿಲ್ಲಿಸಿದಾಗ ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅತ್ತೆಯ ರಟ್ಟೆ ಹಿಡಿದು ಮೆಲ್ಲಗೆ ಇಳಿಸಿ, ನನ್ನ ಕಡೆ ತಿರುಗಿ ಅಂದರು:

"ಇಂಥ ಕಷ್ಟದ ರೋಡ ನಾನು ಓಡ್ಸೇ ಇರ್ನಿಲ್ಲ ಕಣ್ಲಾ."